ಪೇಪರ್ ನೋಡುವವರಿಗೆ ಸವಾಲು

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲ ಸಲ ಕುಳಿತಾಗ ನನಗೆ ಮೂವತ್ತೊಂದು ವರ್ಷ. ನಾಲ್ಕು ವಿಷಯ ದಾಟಿದವು, ವಿಜ್ಞಾನ ಮತ್ತು ಸಮಾಜ ಹೋದವು. ಎರಡನೇ ಸಲವೂ ಅವೆರಡೇ ಹೋದವು. ಲೆಕ್ಕದಲ್ಲಿ ಪಾಸಾಗಿ ಸಮಾಜದಲ್ಲಿ ಫೇಲಾದ ಹೆಂಗಸನ್ನು ಜವಳಗೇರಾದಲ್ಲಿ ಯಾರೂ ನೋಡಿರಲಿಲ್ಲ. ಊರು ನಗಾಡಿತು. ನಕ್ಕವರ ಹೆಸರೆಲ್ಲ ನನಗೆ ನೆನಪಿವೆ.

ನನ್ನ ಹೆಸರು ಯಮನೂರಮ್ಮ. ತವರು ಮಸ್ಕಿ, ಏಳನೇ ಇಯತ್ತೆವರೆಗೆ ಅಲ್ಲಿಯ ಶಾಲೆಯಲ್ಲಿ ಓದಿದೆ. ಜವಳಗೇರಾಕ್ಕೆ ಕೊಟ್ಟರು. ಕಾಲುವೆ ನೀರಿನ ಊರು, ಎತ್ತ ನೋಡಿದರೂ ನೆಲ್ಲು. ಹದಿನಾಲ್ಕು ವರ್ಷ ಸಸಿ ಹಚ್ಚುವ ಹೆಂಗಸರ ಗುಂಪಿಗೆ ಮುಂದಾಳಾಗಿದ್ದೆ. ಮಳೆಗಾಲದ ಬೆಳೆಗೊಮ್ಮೆ, ಬೇಸಿಗೆ ಬೆಳೆಗೊಮ್ಮೆ, ವರ್ಷಕ್ಕೆ ಎರಡು ಸಲ ತಿಂಗಳುಗಟ್ಟಲೆ ಕೆಸರಿನಲ್ಲಿ ನಿಲ್ಲಬೇಕು. ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಕಿತ್ತು ಬರುತ್ತದೆ. ಸೀಮೆಎಣ್ಣೆ ಹಚ್ಚಿದರೆ ಜೀವ ಹೋದಂತೆ ಉರಿಯುತ್ತದೆ.

ಊರಲ್ಲಿ ಒಂದು ಅಂಗನವಾಡಿ ಇತ್ತು. ಅದರ ಟೀಚರಮ್ಮ ಗಂಡನ ಹಿಂದೆ ಬೇರೆ ಊರಿಗೆ ಹೋದ ಮೇಲೆ ಎಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಬಾಗಿಲಿಗೆ ಬೀಗ ಬಿತ್ತು. ಎಸ್ಸೆಸ್ಸೆಲ್ಸಿ ಪಾಸಾದ, ಅದೇ ಊರಿನ ಹೆಂಗಸು ಬೇಕು, ಡಿಸೆಂಬರ್ ಕೊನೆಯೊಳಗೆ ಪಾಸಾದ ಕಾಗದ ತಂದು ತೋರಿಸಬೇಕು ಎಂದು ಪಂಚಾಯಿತಿ ಗೋಡೆಗೆ ನೋಟೀಸು ಅಂಟಿಸಿದರು. ಊರಲ್ಲಿ ಪಾಸಾದ ಹೆಂಗಸೇ ಇರಲಿಲ್ಲ. ಯಾರೂ ಸಿಗದಿದ್ದರೆ ಹೊರಗಿನವರನ್ನು ಹಾಕುತ್ತಾರೆ, ಅವರು ಹನ್ನೊಂದರ ಬಸ್ಸಿಗೆ ಬಂದು ಎರಡರ ಬಸ್ಸಿಗೆ ಹೋಗುತ್ತಾರೆ. ನಮ್ಮ ಕೂಸುಗಳು ಮೊದಲಿನ ಹಾಗೆ ಗದ್ದೆಯ ಬದುವಿನ ಮೇಲೆ ಕೂತು ಮಣ್ಣು ತಿನ್ನುತ್ತವೆ.

ಸುಳ್ಳು ಯಾಕೆ ಹೇಳಲಿ, ಕೂಸುಗಳ ವಿಚಾರ ಬಂದದ್ದು ಎರಡನೆಯದಾಗಿ. ಮೊದಲು ಕಣ್ಣಿಗೆ ಬಿದ್ದದ್ದು ಆ ಕೋಣೆಯ ಒಣ ನೆಲ. ಕಡಪಾ ಕಲ್ಲು ಹಾಸಿದ ನೆಲ ಅದು. ಅದರ ಮೇಲೆ ಕಾಲು ಚಾಚಿ ಕೂರಬೇಕು ಎಂದು ನನಗೆ ಹಸಿವಿನಂತೆ ಆಸೆಯಾಗಿತ್ತು.

ನೋಟೀಸಿಗೆ ಮೊದಲು ಎರಡು ಸಲ ಕಟ್ಟಿದ್ದು ಹೇಗಾದರೂ ಕೆಸರಿನಿಂದ ಹೊರಬರಲೆಂದು. ಈಗ ಆ ನೆಲಕ್ಕಾಗಿ ಅಕ್ಟೋಬರ್ ಪರೀಕ್ಷೆಗೆ ಮೂರನೇ ಸಲ ಫೀಸು ಕಟ್ಟಿದೆ.

ನನ್ನ ಗಂಡ ಗ್ಯಾನಪ್ಪ ಮಾತು ಕಡಿಮೆ, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ಟ್ರ್ಯಾಕ್ಟರ್ ನಡೆಸುತ್ತಿದ್ದ. ಸಿಂಧನೂರು ಬಸ್‌ಸ್ಟ್ಯಾಂಡಿನಿಂದ ಹೊಸ ಗೈಡು ತಂದುಕೊಟ್ಟ. ವಿಜ್ಞಾನ, ಇತಿಹಾಸ, ಪೌರನೀತಿ, ಅರ್ಥಶಾಸ್ತ್ರ, ಎಲ್ಲ ಪ್ರಶ್ನೆ ಮತ್ತು ಉತ್ತರ. ಒಲೆ ಮುಂದೆ ಕೂತು ಓದಿದೆ. ಓದಿದ್ದು ಒಲೆ ಮುಂದೆಯೇ ಉಳಿಯುತ್ತಿತ್ತು. ಬೆಳಿಗ್ಗೆ ಗದ್ದೆಗೆ ಇಳಿಯುವಷ್ಟರಲ್ಲಿ ತಲೆ ತೊಳೆದಿಟ್ಟ ಗಡಿಗೆಯಂತೆ ಖಾಲಿ. ಹಿಂದಿನ ಎರಡು ಸಲವೂ ಆಗಿದ್ದು ಇದೇ.

ದಾರಿ ತೋರಿಸಿದವಳು ಕರೆಮ್ಮ. ಅವಳು ನನ್ನ ಓರಗಿತ್ತಿ, ಹೆಬ್ಬಟ್ಟು, ಬಾಯಿ ಮಾತ್ರ ಕೊಯ್ಯುವ ಕುಡುಗೋಲು.

ನಮ್ಮ ಗುಂಪಿನಲ್ಲಿ ಸಸಿ ಹಚ್ಚುವಾಗ ಒಂದು ಪದ್ಧತಿ ಇತ್ತು. ಇಪ್ಪತ್ತು ಹೆಂಗಸರು ಎರಡು ಸಾಲಾಗುತ್ತಿದ್ದೆವು. ಒಂದು ಸಾಲಿಗೆ ನಾನು, ಇನ್ನೊಂದಕ್ಕೆ ಕರೆಮ್ಮ. ಒಂದು ಸಾಲು ಹಾಡಿನಲ್ಲಿ ಸವಾಲು ಹಾಕಬೇಕು, ಇನ್ನೊಂದು ಸಾಲು ಜವಾಬು ಹೇಳಬೇಕು. ಜವಾಬು ಹೇಳಿ ಸುಮ್ಮನಾದರೆ ನಡೆಯುವುದಿಲ್ಲ. ಅದೇ ಉಸಿರಿನಲ್ಲಿ ತಿರುಗಿ ಒಂದು ಸವಾಲು ಹಾಕಲೇಬೇಕು. ಹಾಕದಿದ್ದರೆ ಜವಾಬು ಸರಿಯಿದ್ದರೂ ಸೋತ ಹಾಗೆ. ಸೋತ ಸಾಲಿನವರು ಮುಂದಿನ ಗದ್ದೆಗೆ ಸಸಿಯ ಕಟ್ಟು ಹೊರಬೇಕು. ನೀರು ಸೋರುವ ಸಸಿಯ ಕಟ್ಟು ಎಷ್ಟು ಭಾರ ಎಂದು ಹೊತ್ತವರಿಗೆ ಗೊತ್ತು. ಹಾಗಾಗಿ ಯಾರೂ ಬಾಯಿ ಮುಚ್ಚುತ್ತಿರಲಿಲ್ಲ.

"ಏನ್ಬೇ ಯಮನೂರಿ, ಮುಂಜಾನಿಂದ ಸುಮ್ಮನ ತುಟಿ ಪಿಟಿಪಿಟಿ ಮಾಡಾಕತ್ತೀಯಲ್ಲ, ಯಾರಿಗಿ ಬೈಯಾಕತ್ತೀ?" ಎಂದು ಕರೆಮ್ಮ ಕೇಳಿದಳು.

"ಬೈಗುಳ ಅಲ್ಲಬೇ, ಪರೀಕ್ಷಾಕ ಓದಿದ್ದು. ಶಾಖ ಮೂರು ಥರಾ ಹೋಗತೈತಿ ಅಂತ. ಎರಡು ನೆನಪೈತಿ, ಮೂರನೇದು ಹಾರೇತಿ."

"ಮೂರನೇದು ಹಾರಿದ್ರ ಸೋತಿ. ಹೊರು ಕಟ್ಟು."

"ಇದು ಹಾಡಲ್ಲಬೇ, ವಿಜ್ಞಾನ!"

"ನಂಗೇನು ಗೊತ್ತು? ಸವಾಲೈತಿ, ಜವಾಬೈತಿ. ಹಾಡಾಕ ಇನ್ನೇನು ಬೇಕು?"

ಸಿಟ್ಟು ಬಂತು. ಆಮೇಲೆ ಸಸಿಯ ಮುಷ್ಟಿ ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟೆ. ಅವಳು ಹೇಳಿದ್ದು ಖರೇ.

ಮಾರನೇ ದಿನದಿಂದ ಗೈಡು ಗದ್ದೆಗೆ ಬಂತು. ಕೆಸರುಗೈಯಲ್ಲಿ ಹಿಡಿಯುವಂತಿಲ್ಲ. ಕಾಲುವೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ಬುಡ್ಡೇಸಾಬ್ ಮಾಮಾ ಹೇಗೂ ಬದುವಿನ ಮೇಲೆ ಕೂತಿರುತ್ತಿದ್ದ, ಪುಸ್ತಕ ಅವನ ಕೈಗೆ ಕೊಟ್ಟೆವು. ಅವನು ನಿಜಾಮನ ಕಾಲದಲ್ಲಿ ಉರ್ದು ಓದಿದವನು. ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ, ಕೋಲೂರಿಕೊಂಡು ನಡೆದಂತೆ ಓದುತ್ತಿದ್ದ. ಅದೇ ನಮಗೆ ಅನುಕೂಲವಾಯಿತು. ಅವನು ಒಂದು ಉತ್ತರ ಮುಗಿಸುವಷ್ಟರಲ್ಲಿ ನಾವು ಅದನ್ನು ಹಾಡಿಗೆ ಕೂರಿಸಿ ಎರಡು ಸಾಲು ಸಸಿ ಹಚ್ಚಿರುತ್ತಿದ್ದೆವು.

ಶಾಖದ ಹಾಡು ಹೀಗಾಯಿತು. ನನ್ನ ಸಾಲಿನಿಂದ:

ಮುಟ್ಟಿ ಹೋಗೋದು ಯಾವುದು, ಹರದು ಹೋಗೋದು ಯಾವುದು,
ಮುಟ್ಟದಂಗ ಸುಡತೈತಿ ಅದು ಯಾವುದು ಹೇಳ ತಂಗಿ?

ಕರೆಮ್ಮನ ಸಾಲಿನಿಂದ:

ಮುಟ್ಟಿದ್ರ ವಹನ, ಹರದ್ರ ಸಂವಹನ,
ಮುಟ್ಟದಂಗ ಸುಟ್ರ ವಿಕಿರಣ, ನಮ್ಮತ್ತಿ ಕಣ್ಣಿನಂಗ!

ಕರೆಮ್ಮನ ಅತ್ತೆಯೇ ನನ್ನ ಅತ್ತೆಯೂ ಹೌದು. ಆಕೆ ಆಚೆ ಬದುವಿನ ಮೇಲೆ ಕೂಸುಗಳನ್ನು ಕಾಯುತ್ತ ಕೂತಿದ್ದಳು. ಅಲ್ಲಿಂದಲೇ ನಮ್ಮತ್ತ ನೋಡಿದಳು. ವಿಕಿರಣವನ್ನು ಆವತ್ತಿನಿಂದ ಇಪ್ಪತ್ತು ಹೆಂಗಸರಲ್ಲಿ ಒಬ್ಬರೂ ಮರೆಯಲಿಲ್ಲ.

ಎಲೆ ಬಿಸಿಲು, ನೀರು, ಗಾಳಿ ತಗೊಂಡು ತನ್ನ ಆಹಾರ ತಾನೇ ತಯಾರಿಸುತ್ತದೆ ಎಂದು ಮಾಮಾ ಓದಿದಾಗ ಗುಂಪಿನ ಸಕೀನಾಬೀ ಸೊಂಟ ಎತ್ತಿ ನಿಂತಳು. "ಒಲಿ ಇಲ್ಲ, ಕಟಗಿ ಇಲ್ಲ, ಹೊಗಿ ಇಲ್ಲ! ಅಕ್ಕಾ, ಅಂಥಾ ಸೊಸಿ ಎಲ್ಲಿ ಸಿಗತಾಳು ನೋಡ್ರಿ, ನನ್ನ ಮಗನಿಗೆ ಈಗ ನಿಕಾ ಮಾಡ್ತೀನಿ."

ಇತಿಹಾಸದ ಪಾಠ ಬಂದರೆ ಮಾಮಾನದೇ ತಕರಾರು. ಹೈದರಾಬಾದ್ ಸಂಸ್ಥಾನ ಸಾವಿರದ ಒಂಬೈನೂರ ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿತು ಎಂದು ಓದಿ, ಪುಸ್ತಕ ಮಡಚಿ, "ಇಷ್ಟ ಬರದಾರ. ನಾನು ಲಿಂಗಸೂಗೂರಿನ ಶಾಲ್ಯಾಗ ಇದ್ದೆ. ಒಂದಿನ ಹೋಗ್ತೀನಿ, ಗ್ವಾಡಿ ಮ್ಯಾಲಿನ ನಿಜಾಮನ ಫೋಟೋ ಇಲ್ಲ, ಮೊಳಿ ಅಷ್ಟ ಉಳದೈತಿ. ಮಾಸ್ತರು ಅಂದ್ರು, ಇವತ್ತಿಗೆ ಸೂಟಿ. ನಮಗ ಅದಾ ಖುಷಿ" ಎಂದ.

"ಆಮ್ಯಾಲ ಯಾರ ಫೋಟೋ ಹಾಕಿದ್ರು ಮಾಮಾ?"

"ಎರಡು ವರ್ಷ ಬರೇ ಮೊಳಿ ಇತ್ತು. ಅದಕ್ಕ ನಾನು ಟೊಪಗಿ ನೇತು ಹಾಕತಿದ್ದೆ."

ಅರ್ಥಶಾಸ್ತ್ರ ಮಾತ್ರ ನಮಗೆ ಅಪಾಯ ತಂದಿತು. ಉತ್ಪಾದನೆಗೆ ಬೇಕಾದ ಅಂಗಗಳು ನಾಲ್ಕು, ಭೂಮಿ, ಶ್ರಮ, ಬಂಡವಾಳ, ಸಂಘಟನೆ. ಇಪ್ಪತ್ತು ಕೊರಳು ಒಟ್ಟಿಗೆ ಹಾಡುತ್ತಿದ್ದವು:

ಭೂಮಿ ಯಾರದು? ವೀರರಾಘವಲುದು.
ಬಂಡವಾಳ ಯಾರದು? ವೀರರಾಘವಲುದು.
ಶ್ರಮ ಯಾರದು? ನಮ್ಮದೇ ತಾಯಿ ನಮ್ಮದೇ!

ವೀರರಾಘವಲು ಕ್ಯಾಂಪಿನ ರೈತ, ಆ ಗದ್ದೆಯ ಧಣಿ. ಆಂಧ್ರದಿಂದ ಬಂದು ಇಪ್ಪತ್ತು ವರ್ಷವಾಗಿತ್ತು, ಕನ್ನಡ ಅರ್ಧ ಬರುತ್ತಿತ್ತು. ಆ ಅರ್ಧದಲ್ಲಿ ತನ್ನ ಹೆಸರು ಕೇಳಿಸಿ ಲುಂಗಿ ಎತ್ತಿಕೊಂಡು ಓಡಿ ಬಂದ.

"ಏಮಮ್ಮಾ ಯಮನೂರಮ್ಮಾ! ಯೂನಿಯನ್ ಮಾಡ್ತಿರಾ? ನಾನು ಏಂ ತಪ್ಪು ಮಾಡಿದ್ನಿ?"

"ಯೂನಿಯನ್ ಅಲ್ರೀ, ಪರೀಕ್ಷಾ."

"ಪರೀಕ್ಷಾದಾಗ ನನ್ನ ಹೆಸರು ಎಂದುಕು, ಯಾಕೆ?"

ಬುಡ್ಡೇಸಾಬ್ ಮಾಮಾ ಪುಸ್ತಕ ತೋರಿಸಿ ಸಮಾಧಾನ ಮಾಡಿದ. ಆದರೂ ಧಣಿ ಆ ವರ್ಷ ಪೂರ್ತಿ ನಮಗೆ ಹಾಲು ಹಾಕಿದ ಚಹಾ ಕಳಿಸಿದ. ಹಿಂದೆ ಕಳಿಸುತ್ತಿದ್ದದ್ದು ಕರಿ ಚಹಾ.

ಸಸಿ ಹಚ್ಚುವುದು ಮುಗಿಯುವಷ್ಟರಲ್ಲಿ ಗೈಡು ಮೂರು ಸಲ ಮುಗಿದಿತ್ತು. ನನಗಷ್ಟೇ ಅಲ್ಲ, ಗುಂಪಿಗೆಲ್ಲ ಬಾಯಿಪಾಠ.

ಖಾಸಗಿಯಾಗಿ ಕಟ್ಟಿದವರಿಗೆ ಆ ಸಲ ಪರೀಕ್ಷೆಯ ಸೆಂಟರ್ ಲಿಂಗಸೂಗೂರು ಬಿತ್ತು. ಹಿಂದಿನ ದಿನವೇ ಮಸ್ಕಿಗೆ, ತವರಿಗೆ ಹೋಗಿ ಇಳಿದೆ. ಬೆಳಿಗ್ಗೆ ಅಲ್ಲಿಂದ ಬಸ್ಸು. ಮೊದಲ ದಿನ ಸಮಾಜ.

ಕೋಣೆಯಲ್ಲಿ ನನ್ನ ಅಕ್ಕಪಕ್ಕ ಹದಿನಾರು ಹದಿನೇಳರ ಮಕ್ಕಳು. ಪೇಪರ್ ಕೊಟ್ಟರು. ಓದಿದೆ. ಎಲ್ಲವೂ ಗೊತ್ತಿದ್ದದ್ದೇ, ಒಂದೂ ಬರಲಿಲ್ಲ. ಹಿಂದಿನ ಎರಡು ಸಲದ ಹಾಗೆಯೇ ಪೆನ್ನು ಕೈಯಲ್ಲಿ, ಕೈ ಕಲ್ಲಿನಂತೆ. ಅರ್ಧ ಗಂಟೆ ಹೋಯಿತು. ಪಕ್ಕದ ಹುಡುಗಿ ಎರಡನೇ ಹಾಳೆ ತಗೊಂಡಳು. ಅಳು ಬರುವುದರಲ್ಲಿತ್ತು. ನಾನು ಅಳುವವಳಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಬೆಂಚಿನ ಕೆಳಗೆ ಚಪ್ಪಲಿ ಬಿಟ್ಟು ಪಾದ ನೆಲಕ್ಕೆ ಊರಿದೆ. ಕಣ್ಣು ಮುಚ್ಚಿ, ಇದು ಕೆಸರು, ಆಚೆ ಸಾಲಿನಲ್ಲಿ ಕರೆಮ್ಮ ಇದ್ದಾಳೆ ಎಂದುಕೊಂಡೆ. ಮೊದಲ ಪ್ರಶ್ನೆಯನ್ನು ಅವಳ ದನಿಯಲ್ಲಿ ಮನಸ್ಸಿನೊಳಗೇ ಹಾಡಿದೆ.

ಜವಾಬು ಬಂತು, ತೂಬು ಎತ್ತಿದಾಗ ಬರುವ ನೀರಿನ ಹಾಗೆ. ಬರೆದೆ. ಬರೆದು ಮುಗಿದದ್ದೇ ಕೈ ನಿಲ್ಲಲಿಲ್ಲ. ಅದರ ಕೆಳಗೆ ಒಂದು ಸವಾಲು ಬರೆಯಿತು. ಆಮೇಲೆ ಎರಡನೇ ಪ್ರಶ್ನೆ, ಎರಡನೇ ಜವಾಬು, ಎರಡನೇ ಸವಾಲು. ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ ಎಂದು ಬರೆದು, 'ಹಾಗಿದ್ದರೆ ಸಸಿ ಹಚ್ಚುವ ದಿನಗಳಲ್ಲಿ ನಮ್ಮ ಕೂಲಿ ಯಾಕೆ ಏರುವುದಿಲ್ಲ?' ಎಂದು ಕೇಳಿದೆ. ರಾಷ್ಟ್ರಪತಿಯನ್ನು ಯಾರು ಆರಿಸುತ್ತಾರೆ ಎಂಬುದಕ್ಕೆ ಸರಿಯಾಗಿ ಬರೆದು, 'ನಮ್ಮ ಓಣಿಯ ನಲ್ಲಿಗೆ ನೀರು ಬಿಡುವವನನ್ನು ಯಾರು ಆರಿಸಿದರು?' ಎಂದು ಕೇಳಿದೆ. ಅಶೋಕನ ಹೆಸರು ಸ್ಪಷ್ಟವಾಗಿ ಇರುವ ಶಾಸನ ಎಲ್ಲಿ ಸಿಕ್ಕಿತು ಎಂದು ಕೇಳಿದ್ದರು. ಮಸ್ಕಿ ಎಂದು ಬರೆಯುವಾಗ ಎದೆ ಉಬ್ಬಿತು. ಚಿಕ್ಕವಳಿದ್ದಾಗ ಆ ಬಂಡೆಯ ನೆರಳಿನಲ್ಲಿ ಆಡು ಕಾದವಳು ನಾನು. ಕೆಳಗೆ ಬರೆದೆ: 'ಕಲ್ಲಿನ ಮೇಲೆ ಹೆಸರು ಬರೆಸಿಕೊಂಡವನನ್ನು ಕೇಳಿದಿರಿ, ಹೇಳಿದೆ. ಅದನ್ನು ಕಲ್ಲಿನ ಮೇಲೆ ಬರೆದವನ ಹೆಸರೇನು?'

ಇದು ತಪ್ಪು ಎಂದು ನನಗೆ ಹೊಳೆಯಲೇ ಇಲ್ಲ. ಸವಾಲು ಹಾಕದೆ ಮುಂದಿನ ಜವಾಬಿಗೆ ಹೋಗುವುದೇ ನನಗೆ ತಪ್ಪು.

ಗಂಟೆ ಹೊಡೆದ ಮೇಲೆ ಹಾಳೆ ಇಸಿದುಕೊಂಡ ಮಾಸ್ತರರು ಒಂದು ಪುಟ ತಿರುವಿ ನಿಂತರು. ಪಾಪ, ಒಳ್ಳೆಯ ಮನುಷ್ಯ.

"ಯಕ್ಕಾ, ಏನ್ರೀ ಇದು? ಪೇಪರ್ ನೋಡೋರಿಗಾ ಸವಾಲು ಹಾಕೀರಲ್ಲ!"

"ಹೌದ್ರೀ. ಜವಾಬು ಬರದೀನಲ್ಲ."

"ಅವರಿಗೆ ಏನೂ ಬರೀಬಾರದ್ರೀ. ಕಾಪಿ ಹೊಡದಂಗ ಲೆಕ್ಕ ಅದು. ಪೇಪರ್ ರದ್ದು ಮಾಡಿದ್ರೂ ಮಾಡಿದ್ರ!"

ಅವರ ಜೊತೆ ಜಗಳಾಡಿದೆ. ಉತ್ತರ ತಪ್ಪಿದ್ದರೆ ಹೊಡೆದು ಹಾಕಲಿ, ಕೇಳಿದ್ದರಲ್ಲಿ ಏನು ತಪ್ಪು, ಅವರು ಮೂರು ಗಂಟೆ ನನ್ನನ್ನು ಕೇಳಲಿಲ್ಲವೇ ಎಂದೆ. ಮಾಸ್ತರರು ಕೈ ಮುಗಿದರು. ಮಸ್ಕಿಗೆ ಬರುವ ಬಸ್ಸಿನಲ್ಲಿ ಸಿಟ್ಟು ಇಳಿಯಿತು, ಹೆದರಿಕೆ ಶುರುವಾಯಿತು. ಕಡಪಾ ಕಲ್ಲಿನ ನೆಲ ಕಣ್ಣೆದುರು ಬಂದು ಹೋಯಿತು.

ಮಾರನೇ ದಿನ ವಿಜ್ಞಾನ. ಸವಾಲು ಬರೆಯುವಂತಿಲ್ಲ. ಬರೆಯದಿದ್ದರೆ ಜವಾಬು ಬರುವುದಿಲ್ಲ. ಮೊದಲ ಉತ್ತರ ಬರೆದು ಕೈ ಕಟ್ಟಿ ಕೂತೆ. ಎರಡನೆಯದು ಅಲ್ಲೇ ನಿಂತಿತು. ಆಗ ಪಕ್ಕದ ಹುಡುಗ ಕೊನೆಯ ಪುಟದಲ್ಲಿ ಏನೋ ಗೀಚಿ ಅಡ್ಡ ಗೆರೆ ಎಳೆಯುವುದು ಕಂಡಿತು. ಕೇಳಿದ್ದಕ್ಕೆ ಮಾಸ್ತರರು, "ರಫ್ ವರ್ಕ್ ಕೊನೀ ಪುಟದಾಗ ಮಾಡಿ ಹೊಡದು ಹಾಕ್ರಿ, ಅದನ್ನ ಯಾರೂ ನೋಡಂಗಿಲ್ಲ" ಎಂದರು. ನನಗೆ ಅಷ್ಟು ಸಾಕಿತ್ತು. ಒಂದೊಂದು ಉತ್ತರ ಮುಗಿದ ಹಾಗೆ ಕೊನೆಯ ಪುಟಕ್ಕೆ ಹೋಗಿ ಸವಾಲು ಹಾಕಿ, ಅದರ ಮೇಲೆ ಗೆರೆ ಎಳೆದು ವಾಪಸ್ಸು ಬಂದೆ. ವಿಕಿರಣಕ್ಕೆ ಉದಾಹರಣೆ ಕೇಳಿದ್ದರು. 'ಅತ್ತೆ' ಎಂದು ಬರೆದು, ಹೊಡೆದು, 'ಸೂರ್ಯ' ಎಂದು ಬರೆದೆ.

ನವೆಂಬರ್ ಕೊನೆಗೆ ಫಲಿತಾಂಶ ಬಂತು. ವಿಜ್ಞಾನ ಪಾಸು, ಮೂವತ್ತೊಂಬತ್ತು. ಸಮಾಜದ ಎದುರಿಗೆ ನಂಬರ್ ಇರಲಿಲ್ಲ, ತಡೆಹಿಡಿಯಲಾಗಿದೆ ಎಂದಿತ್ತು. ಹಿಂದೆಯೇ ಒಂದು ಕಾಗದ ಬಂತು. ಡಿಸೆಂಬರ್ ಹನ್ನೆರಡಕ್ಕೆ ಲಿಂಗಸೂಗೂರಿನ ಕಚೇರಿಯಲ್ಲಿ ವಿಚಾರಣೆ, ತಪ್ಪದೆ ಹಾಜರಾಗಬೇಕು. ಅದಾದ ಮೇಲೆ ಅಂಗನವಾಡಿ ಕುರ್ಚಿಗೆ ಉಳಿಯುವುದು ಹತ್ತೊಂಬತ್ತೇ ದಿನ.

"ನೀ ಒಬ್ಬಾಕೇ ಹೋಗಬ್ಯಾಡ" ಎಂದಳು ಕರೆಮ್ಮ. "ನೀ ಬಾಯಿ ತೆಗದ್ರ ಜಗಳಾಕ್ಕೈತಿ. ನಾವೂ ಬರ್ತೀವಿ."

"ನೀವು ಬಂದು ಏನು ಮಾಡ್ತೀರಿ?"

"ನಿನ್ನ ಸಾಲು ನಿನ್ನ ಕಡಿ. ನನ್ನ ಸಾಲು ನೋಡಾಕ."

ಆ ದಿನ ಬೆಳಿಗ್ಗೆ ಎದ್ದು ನೋಡಿದರೆ ಗ್ಯಾನಪ್ಪ ಮನೆ ಮುಂದೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ, ಟ್ರಾಲಿಯಲ್ಲಿ ಹುಲ್ಲು ಹಾಸಿತ್ತು. ವೀರರಾಘವಲು ಡೀಸೆಲ್ ಹಾಕಿಸಿದ್ದನಂತೆ. ಯೂನಿಯನ್ ಊರಿನ ಹೊರಗೆ ಹೋದರೆ ಸಾಕು ಎಂದು ಇರಬೇಕು. ಹದಿನೇಳು ಹೆಂಗಸರು, ಬುಡ್ಡೇಸಾಬ್ ಮಾಮಾ, ಒಂದು ಬುಟ್ಟಿ ರೊಟ್ಟಿ. ಸಿಂಧನೂರು ದಾಟಿ, ಮಸ್ಕಿ ದಾಟಿ ಲಿಂಗಸೂಗೂರು ಮುಟ್ಟುವಷ್ಟರಲ್ಲಿ ಎಲ್ಲರ ತಲೆಯ ಮೇಲೂ ರಸ್ತೆಯ ಕೆಂಪು ಧೂಳು.

ವಿಚಾರಣೆಗೆ ಬಂದ ಸಾಹೇಬರು ಮೈಸೂರು ಕಡೆಯವರು. ತೆಳ್ಳಗೆ, ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ಪಕ್ಕದಲ್ಲಿ ಒಬ್ಬ ಗುಮಾಸ್ತ. ಮೇಜಿನ ಮೇಲೆ ನನ್ನ ಉತ್ತರಪತ್ರಿಕೆ.

"ನೋಡಮ್ಮ" ಎಂದರು, "ಉತ್ತರಪತ್ರಿಕೆಯಲ್ಲಿ ಪರೀಕ್ಷಕರಿಗೆ ಏನೂ ಬರೆಯಕೂಡದು. ಹಾಗಿದ್ದೂ ನೀವು ಹತ್ತು ಪ್ರಶ್ನೆ ಬರೆದಿದ್ದೀರಿ. ಅದೊಂದೇ ಆಗಿದ್ದರೆ ತಿಳಿಯದೆ ಮಾಡಿದ್ದೀರಿ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇದೇನು?"

ಪತ್ರಿಕೆ ತಿರುಗಿಸಿ ನನ್ನ ಕಡೆ ತಳ್ಳಿದರು. ಅಶೋಕನ ಉತ್ತರದ ಪಕ್ಕ, ನನ್ನ ಸವಾಲಿನ ಕೆಳಗೆ, ಕೆಂಪು ಮಸಿಯಲ್ಲಿ ಮುದ್ದಾದ ಸಣ್ಣ ಅಕ್ಷರ:

'ಮಸ್ಕಿಯ ಕಲ್ಲಿನಲ್ಲಿ ಬರೆದವನ ಹೆಸರಿಲ್ಲ. ಬ್ರಹ್ಮಗಿರಿಯ ಶಾಸನದಲ್ಲಿ ಬರೆದವನು ಚಪಡ ಎಂದಿದೆ. ಜವಾಬು ಆಯಿತು. ಈಗ ನನ್ನ ಸವಾಲು: ಓದಲು ಬಲ್ಲವರು ಬರುವ ಮೊದಲು ನಿಮ್ಮೂರಿನವರು ಆ ಬರಹವನ್ನು ಏನೆಂದುಕೊಂಡಿದ್ದರು?'

ಎರಡು ಸಲ ಓದಿದೆ. ಎಲ್ಲೋ ದೂರದ ಊರಿನಲ್ಲಿ, ರಾಶಿ ಪೇಪರುಗಳ ನಡುವೆ ಕೂತ ಯಾರೋ ಒಬ್ಬರು, ಹೆಂಗಸೋ ಗಂಡಸೋ ಗೊತ್ತಿಲ್ಲ, ನನ್ನ ಸವಾಲನ್ನು ಸವಾಲು ಎಂದು ತಿಳಿದಿದ್ದರು. ಜವಾಬು ಕೊಟ್ಟು, ಸುಮ್ಮನಾಗದೆ, ನಿಯಮದಂತೆ ತಿರುಗಿ ಕೇಳಿದ್ದರು. ಅವರ ತಾಯಿಯೂ ಅವರನ್ನು ಬದುವಿನ ಮೇಲೆ ಕೂರಿಸಿ ಸಸಿ ಹಚ್ಚಿದವಳೇ ಇರಬೇಕು.

"ಈ ಪರೀಕ್ಷಕರು ನಿಮ್ಮ ಬಂಧುಗಳಾ?" ಎಂದರು ಸಾಹೇಬರು. "ಇದು ಗುರುತಿಗೆ ಮಾಡಿಕೊಂಡ ಸಂಕೇತ ಅಂತ ನಮ್ಮ ಅನುಮಾನ. ಹೌದಾದರೆ ನಿಮ್ಮ ಪೇಪರೂ ರದ್ದು, ಅವರಿಗೂ ನೋಟೀಸು."

ನಾನು ಕೇಳಿಸಿಕೊಳ್ಳಲೇ ಇಲ್ಲ. "ಸಾಹೇಬ್ರ, ಒಂದು ಪೆನ್ನು ಕೊಡ್ರಿ."

"ಯಾಕೆ?"

"ಸವಾಲು ಹಾಕ್ಯಾರಲ್ರೀ. ಜವಾಬು ಬರದು ಕೊಡ್ತೀನಿ. ಇಲ್ಲಂದ್ರ ನಾ ಸೋತಂಗಾಕ್ಕೈತಿ."

ಸಾಹೇಬರು ಪತ್ರಿಕೆಯನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಂಡರು. "ಬೇಡ ತಾಯಿ! ಇನ್ನೊಂದು ಅಕ್ಷರ ಬರೀಬೇಡಿ!"

"ಬರಿಯಾಕ ಬಿಡದಿದ್ರ ಬಾಯಿಲೇ ಹೇಳ್ತೀನಿ, ಅವರಿಗೆ ಮುಟ್ಟಸ್ರಿ. ನಮ್ಮಜ್ಜಿ ಅದಕ್ಕ ಕೋಳಿ ಕೆದರಿದ್ದು ಅಂತಿದ್ಲು. ಕಲ್ಲು ಹಸೀ ಇದ್ದಾಗ ಯಾವುದೋ ದೇವರ ಕೋಳಿ ಬಂದು ಕೆದರೈತಿ ಅಂತ. ಆಡು ಕಾಯೋರು ಅದರ ಮ್ಯಾಲ ಕಾಲಿಡಬಾರದು ಅಂತಿದ್ಲು."

ಗುಮಾಸ್ತ ನಕ್ಕ. ಸಾಹೇಬರು ನಗಲಿಲ್ಲ, ಆದರೆ ಕನ್ನಡಕ ತೆಗೆದರು. ನಾನು ಗದ್ದೆಯ ಪದ್ಧತಿಯನ್ನೆಲ್ಲ ಹೇಳಿದೆ. ಎರಡು ಸಾಲು, ಸವಾಲು, ಜವಾಬು, ಸಸಿಯ ಕಟ್ಟು. "ಆ ಪರೀಕ್ಷಕರು ಯಾರೋ ನನಗ ಗೊತ್ತಿಲ್ರೀ. ಆದ್ರ ಈ ರೂಢಿ ಅವರಿಗೆ ಗೊತ್ತೈತಿ. ಅವರ ಮ್ಯಾಲ ಏನರ ಬರದೀರಿ ಅಂದ್ರ ನಾ ಸುಮ್ಮನ ಇರಂಗಿಲ್ಲ ನೋಡ್ರಿ."

"ಕಥೆ ಚೆನ್ನಾಗಿದೆ" ಎಂದರು ಅವರು. "ಸಾಕ್ಷಿ?"

ಬಾಗಿಲಿನಿಂದ ಕರೆಮ್ಮನ ದನಿ ಬಂತು. "ಸಾಕ್ಷಿ ಹೊರಗ ಹದಿನೇಳು ಮಂದಿ ಕುಂತಾರ್ರೀ. ಯಾರಿಗರ ಏನರ ಕೇಳ್ರಿ."

"ನೀವು ಎಷ್ಟು ಓದಿದ್ದೀರಮ್ಮ?"

"ನಾನು ಹೆಬ್ಬಟ್ಟು ರೀ."

ಸಾಹೇಬರು ವರಾಂಡಕ್ಕೆ ಬಂದರು. ಹೆಂಗಸರೆಲ್ಲ ಎದ್ದು ಸೆರಗು ಸರಿ ಮಾಡಿಕೊಂಡರು. ಅವರು ಸಕೀನಾಬೀಯನ್ನು ನೋಡಿ, ನಂಬಿಕೆಯಿಲ್ಲದ ದನಿಯಲ್ಲಿ, "ಶಾಖ ಎಷ್ಟು ವಿಧದಲ್ಲಿ ಹರಡುತ್ತದೆ?" ಎಂದರು.

ಹೇಳಿದ್ದು ಸಕೀನಾಬೀ ಒಬ್ಬಳೇ ಅಲ್ಲ. ಎರಡೂ ಸಾಲು ದನಿ ಎತ್ತಿದವು. ಮುಟ್ಟಿದ್ರ ವಹನ, ಹರದ್ರ ಸಂವಹನ, ಮುಟ್ಟದಂಗ ಸುಟ್ರ ವಿಕಿರಣ. ಅತ್ತೆಯ ಕಣ್ಣು ಬಂದಾಗ ಪಕ್ಕದ ಕೋಣೆಗಳಿಂದ ಗುಮಾಸ್ತರೆಲ್ಲ ಹೊರಗೆ ಬಂದು ನಿಂತರು. ಟೈಪು ಮಾಡುವ ಸದ್ದು ನಿಂತಿತು.

"ಉತ್ಪಾದನಾಂಗಗಳು?" ಎಂದರು ಸಾಹೇಬರು. ಅವರಿಗೂ ಈಗ ರುಚಿ ಹತ್ತಿತ್ತು.

ಕರೆಮ್ಮ ಒಬ್ಬಳೇ ಮುಂದೆ ಬಂದು ನಾಲ್ಕೂ ಹೇಳಿದಳು. ವೀರರಾಘವಲುವಿನ ಹೆಸರು ಬಿಡಲಿಲ್ಲ. ಹೇಳಿ ಮುಗಿದದ್ದೇ ಸೊಂಟಕ್ಕೆ ಕೈಯಿಟ್ಟಳು. "ಜವಾಬಾತು. ಈಗ ನಮ್ಮ ಸವಾಲ್ರೀ. ಬೇಡಿಕಿ ಏರಿದ್ರ ಬೆಲಿ ಏರತೈತಿ ಅಂತ ನಿಮ್ಮ ಪುಸ್ತಕ ಹೇಳತೈತಿ. ಸಸಿ ಹಚ್ಚೋ ಹೊತ್ತಿಗೆ ಊರಾಗಿನ ಧಣಿಗಳೆಲ್ಲ ನಮ್ಮ ಮನಿ ಬಾಗಿಲಿಗೆ ಬರತಾರ. ನಮ್ಮ ಕೂಲಿ ಯಾಕ ಏರಂಗಿಲ್ಲ?"

ಸಾಹೇಬರು ಬಾಯಿ ತೆರೆದರು. "ಅದು... ಪೂರೈಕೆ ಹೆಚ್ಚಿದ್ದರೆ..."

"ನಮ್ಮೂರಾಗ ಇರೋದು ನಾವು ಇಪ್ಪತ್ತು ಮಂದೀನಾ ರೀ."

"ಅಂದರೆ, ಚೌಕಾಸಿ ಮಾಡುವ ಶಕ್ತಿ..." ಎಂದು ಅವರು ಯೋಚಿಸುತ್ತ ಕಂಬಕ್ಕೆ ಒರಗಿದರು. ನಿಜವಾಗಿಯೂ ಯೋಚಿಸುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಆಗ. ಸುಮ್ಮನೆ ಏನೋ ಒಂದು ಹೇಳಿ ಕಳಿಸುವ ಸಾಹೇಬರನ್ನು ಬಹಳ ಮಂದಿ ನೋಡಿದ್ದೇನೆ. ಕೊನೆಗೆ ತಲೆಯಾಡಿಸಿ, "ಇದಕ್ಕೆ ನಾನು ಓದಿದ ಪುಸ್ತಕದಲ್ಲಿ ಉತ್ತರ ಇಲ್ಲಮ್ಮ" ಎಂದರು.

"ಹಂಗಾರ ಸೋತ್ರಿ" ಎಂದಳು ಕರೆಮ್ಮ. "ಸೋತೋರು ಸಸಿ ಕಟ್ಟು ಹೊರಬೇಕ್ರೀ."

ಈಗ ಅವರು ನಕ್ಕರು. ನಕ್ಕಾಗ ಹುಡುಗನಂತೆ ಕಂಡರು. "ಸಸಿ ಎಲ್ಲಿಂದ ತರಲಿ? ಇದನ್ನೇ ನನ್ನ ಹೊರೆ ಅಂದುಕೊಳ್ಳಿ" ಎಂದು ಒಳಗೆ ಹೋಗಿ ವರದಿ ಬರೆಯಲು ಕೂತರು. ಅಭ್ಯರ್ಥಿಗೂ ಪರೀಕ್ಷಕರಿಗೂ ಪರಿಚಯವಿಲ್ಲ, ಬರೆದದ್ದು ಈ ಭಾಗದ ಕೆಲಸಗಾರರ ಒಂದು ರೂಢಿ, ವಂಚನೆಯ ಉದ್ದೇಶ ಕಾಣುವುದಿಲ್ಲ, ಫಲಿತಾಂಶ ಪ್ರಕಟಿಸಬಹುದು. ಗಟ್ಟಿಯಾಗಿ ಓದಿ ಹೇಳಿದರು. ಸಹಿ ಹಾಕುವ ಮೊದಲು ತಲೆ ಎತ್ತಿ, "ಕೋಳಿ ಕೆದರಿದ್ದು ಅಂದಿರಲ್ಲ, ಅದನ್ನೂ ಇಲ್ಲಿ ಒಂದು ಮೂಲೆಯಲ್ಲಿ ಸೇರಿಸಿದ್ದೇನೆ. ಆ ಪರೀಕ್ಷಕರಿಗೂ ಒಂದು ಪ್ರತಿ ಹೋಗುತ್ತದೆ" ಎಂದರು.

ಟ್ರಾಲಿಯಲ್ಲಿ ವಾಪಸ್ಸು ಬರುವಾಗ ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ ನಮ್ಮವ್ವನ ಮನೆಯಲ್ಲಿ ರೊಟ್ಟಿ ತಿಂದೆವು. ಆಮೇಲೆ ಹದಿನೇಳೂ ಹೆಂಗಸರು ಗುಡ್ಡ ಹತ್ತಿ ಆ ಬಂಡೆ ನೋಡಿದರು. ಕರೆಮ್ಮ ಬಗ್ಗಿ, ಬಹಳ ಹೊತ್ತು ದಿಟ್ಟಿಸಿ, "ಇದನ್ನ ಬರದಾವನಿಗೂ ಕೂಲಿ ಏರಿಸಿರಾಕಿಲ್ಲ" ಎಂದಳು. ಮಾಮಾ ಅದನ್ನು ಉರ್ದುವಿನಂತೆ ಬಲಗಡೆಯಿಂದ ಓದಲು ನೋಡಿ ಕೈಬಿಟ್ಟ.

ಡಿಸೆಂಬರ್ ಇಪ್ಪತ್ತೇಳಕ್ಕೆ ನಂಬರ್ ಬಂತು. ಸಮಾಜ ಐವತ್ತೆಂಟು. ಇಪ್ಪತ್ತೆಂಟಕ್ಕೆ ಸಿಂಧನೂರಿಗೆ ಹೋಗಿ ಕಾಗದ ಕೊಟ್ಟು, ರಸೀದಿ ಇಸಿದುಕೊಂಡೇ ಬಂದೆ. ನಕ್ಕವರ ಮನೆಗಳ ಮುಂದೆ ಅದನ್ನು ಬೀಸಣಿಗೆಯಂತೆ ಬೀಸಿಕೊಂಡು ನಿಧಾನಕ್ಕೆ ನಡೆದೆ.

ಆ ಬೇಸಿಗೆ ಬೆಳೆಗೆ ಸಸಿ ಹಚ್ಚುವ ಹೊತ್ತಿಗೆ ಕರೆಮ್ಮನೇ ಮುಂದಾಳು. ಸಸಿ ಹಚ್ಚುವ ಮೊದಲು ಗುಂಪಿನ ಎಲ್ಲರನ್ನೂ ಬದುವಿನ ಮೇಲೆ ಕೂರಿಸಿ, ವೀರರಾಘವಲುವಿಗೆ ಅದೇ ಕೂಲಿಯ ಸವಾಲು ಹಾಕಿದಳಂತೆ. ಜವಾಬು ಬರುವ ತನಕ ಒಬ್ಬರೂ ಕೆಸರಿಗೆ ಇಳಿಯಲಿಲ್ಲ. ಮಧ್ಯಾಹ್ನದೊಳಗೆ ಜವಾಬು ಬಂತು, ಕೂಲಿಯೂ ಸ್ವಲ್ಪ ಏರಿತು.

ನಾನು ಆ ಹೊತ್ತಿಗೆ ಕಡಪಾ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದೆ. ಒಣ ನೆಲ, ತಣ್ಣಗೆ. ಸುತ್ತ ಇಪ್ಪತ್ತಾರು ಕೂಸು. ನಮ್ಮ ಓಣಿಯ ಯಂಕಮ್ಮನ ಮೂರು ವರ್ಷದ ಮಗಳು ಮೊದಲ ಸಲ ಬಳಪ ಹಿಡಿದು ಪಾಟಿಯ ತುಂಬ ಏನೋ ಎಳೆದಿತ್ತು. ಕರೆದುಕೊಂಡು ಹೋಗಲು ಬಂದ ಯಂಕಮ್ಮ ಪಾಟಿ ನೋಡಿ, ಒರೆಸಲು ಸೆರಗು ಎತ್ತಿದಳು.

"ಏನಿದು ಯವ್ವಾ, ಕೋಳಿ ಕೆದರಿದಂಗ!"

"ಒರಸಬ್ಯಾಡ ಬಿಡು" ಎಂದೆ. "ಅದೇನು ಬರದೈತಿ ಅಂತ ಮೊದಲು ಆಕೀಗೆ ಕೇಳು."

ಕೂಸು ನಮ್ಮಿಬ್ಬರನ್ನೂ ನೋಡಿ, ಬಳಪವನ್ನು ಬಾಯಿಯಿಂದ ತೆಗೆದು, "ನೀ ಹೇಳು" ಎಂದಿತು.